ಪಾವತಿಯಾಗಿದೆ

ಮಂಡಿಪೇಟೆಯ ಖಲಂದರ್ ಸಾಬರ ಸೈಕಲ್ ಅಂಗಡಿಯಲ್ಲಿ
ಪಂಕ್ಚರ್ ನೋಡುವ ನೀರಿನ ಬುಟ್ಟಿಯ ಮೇಲೆ, ಗೋಡೆಗೆ
ಒಂದು ಹಾಳೆ, ಅರ್ಧ ಹರಿದದ್ದು:
ಇನ್ನೂರು ಕಿಲೋಮೀಟರು. ಹದಿಮೂರೂವರೆ ತಾಸು.
ಬರುವವರು ಡಾಕ್ಟರ್ ಉಜ್ಜಿನಪ್ಪನವರನ್ನು ಕಾಣಿರಿ.
ಎಲ್ಲಿ ಕಾಣಬೇಕೆಂಬ ಸಾಲೇ ಹರಿದುಹೋಗಿತ್ತು.

‘ಮೂಳೆ ಡಾಕ್ಟ್ರು ಕಣಮ್ಮ,’ ಅಂದರು ಸಾಬರು,
‘ಬಿದ್ದರೂ ಅವರ ಹತ್ರಾನೇ ಹೋಗ್ಬೇಕು.’

ನಾನು ಸಬ್‌ರಿಜಿಸ್ಟ್ರಾರ್ ಕಚೇರಿಯ ಗುಮಾಸ್ತೆ.
ಹತ್ತೊಂಬತ್ತು ವರ್ಷ ಊರವರ ಮನೆಗೆ, ಸೈಟಿಗೆ, ದಾನಪತ್ರಕ್ಕೆ
ಮೊಹರು ಒತ್ತಿ ಒತ್ತಿ
ಹೆಬ್ಬೆರಳ ಬುಡ ಗಟ್ಟಿಯಾಗಿದೆ.
ಐದೂವರೆಗೆ ಕಿಟಕಿ ಮುಚ್ಚುತ್ತೇನೆ.
ಐದು ಮೂವತ್ತೊಂದಕ್ಕೆ ಬಂದವರಿಗೆ ‘ನಾಳೆ ಬರ್ರಿ’ ಅನ್ನುವುದರಲ್ಲಿ
ನನ್ನ ಹೆಸರು ಇಡೀ ತಾಲ್ಲೂಕಿಗೆ ಗೊತ್ತು.

ಬಳಗದಲ್ಲಿ ಹನ್ನೊಂದು ಜನ.
ಕರೆಂಟು ಕಂಬ ಹತ್ತುವ ಪಾಲಾಕ್ಷ,
ಮೆಕ್ಕೆಜೋಳದ ದಲಾಲಿ ಶಂಸುದ್ದೀನ್,
ಏರು ಬಂದಾಗಲೆಲ್ಲ ಮಗ್ಗಿ ಹೇಳಿಕೊಳ್ಳುವ
ಒಂದು ಮೆಡಿಕಲ್ ಕಾಲೇಜಿನ ಹುಡುಗಿ.
ಭಾನುವಾರ ಭಾನುವಾರ ಕೊಂಡಜ್ಜಿಯವರೆಗೆ ಕರೆದೊಯ್ದು
ಕಲಿಸಿದ್ದು ಇಷ್ಟೇ: ಗುಡ್ಡ ನೋಡಬೇಡಿ,
ಮುಂದಿನ ಬಿಳಿ ಗೆರೆ ನೋಡಿ.

ಗುಂಡಿ ಸರ್ಕಲ್ಲಿಂದ ಹೊರಟದ್ದು ಐದೂವರೆಗೆ,
ನನ್ನ ಐದೂವರೆಯ ಇನ್ನೊಂದು ಮಗ್ಗುಲು, ಕತ್ತಲಿನದು.
ಆಷಾಢದ ಗಾಳಿ ಬೆನ್ನಿಗೆ ಕೈಯಿಟ್ಟು ದೂಡಿತು.
ಆನಗೋಡು, ಭರಮಸಾಗರ ಯಾವಾಗ ಬಂದು ಹೋದವೋ.
ದುರ್ಗದ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು
ನಮಗೇ ಮುಖಮಾಡಿ ತಿರುಗುತ್ತಿದ್ದವು,
ಸ್ವಾಗತಕ್ಕೆ ನಿಂತವರ ಹಾಗೆ.
ಅವು ನೋಡುತ್ತಿದ್ದದ್ದು ಗಾಳಿಯನ್ನು ಅಂತ
ಆಗ ಹೊಳೆಯಲಿಲ್ಲ.

ಹಿರಿಯೂರಿನಲ್ಲಿ ಗೊಬ್ಬರದ ಅಂಗಡಿಯೇ ನಮ್ಮ ಠಾಣೆ.
ಬಳಗದ ಮೊಹರು ದಾವಣಗೆರೆಯಲ್ಲೇ ಮರೆತು ಬಂದಿದೆ.
ಅಂಗಡಿಯ ಓಬಣ್ಣ ಗಲ್ಲಾಪೆಟ್ಟಿಗೆ ತಡಕಿ
ತನ್ನದೇ ಮೊಹರನ್ನು ಹಾ ಎಂದು ಊದಿ
ನನ್ನ ಕಾರ್ಡಿಗೆ ಒತ್ತಿದ. ನೇರಳೆ ಶಾಯಿ, ಪೂರಾ ಓರೆ:
‘ಹಣ ಪಾವತಿಯಾಗಿದೆ. ಮಾರಿದ ಮಾಲು ವಾಪಸ್ ಇಲ್ಲ.’
ಹನ್ನೊಂದು ಐವತ್ತು.

ಇಷ್ಟು ಓರೆ ಒತ್ತಿದ ದಾಖಲೆಯನ್ನು
ನಾನಾದರೆ ಹಿಂದಕ್ಕೆ ಕಳಿಸುತ್ತಿದ್ದೆ.
ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೇಬಿಗಿಳಿಸಿ
ಐಮಂಗಲ ಬರುವಷ್ಟರಲ್ಲಿ ಎರಡು ಸಲ ಮುಟ್ಟಿ ನೋಡಿದೆ.

ವಾಪಸ್ ಇಲ್ಲ ಅಂದಿತ್ತಲ್ಲ, ನಿಜ.
ಬೆಳಿಗ್ಗೆ ಬಂದ ರಸ್ತೆ ಇದಲ್ಲ.
ಗಾಳಿ ಎದೆಗೆ ಎರಡೂ ಅಂಗೈ ಇಟ್ಟು ನಿಲ್ಲಿಸಿತು.
ಇಳಿಜಾರಿನಲ್ಲೂ ತುಳಿಯಬೇಕು.
ಲಾರಿಗಳು ಒಮ್ಮೆ ಎಳೆದುಕೊಂಡು, ಒಮ್ಮೆ ಉಗಿದು ಹೋದವು.
ಗಾಳಿಯಂತ್ರಗಳು ಈಗ ಬೆನ್ನು ಹಾಕಿದ್ದವು,
ಸರ್ಕಾರಿ ನೌಕರರ ಹಾಗೆ.

ಭರಮಸಾಗರದ ಹತ್ತಿರ ಹಿಂದಿನ ಚಕ್ರ ಕೂತಿತು.
ಶಂಸುದ್ದೀನ್ ಮಾತಾಡದೆ ಟ್ಯೂಬು ಬದಲಿಸಿದರು,
ಮಾತಾಡದೆ ಮಂಡಕ್ಕಿ ಕೊಟ್ಟರು,
‘ಮೆಣಸಿನಕಾಯಿ ಖಾರ ಐತೆ’ ಅಂದು ಮುಂದೆ ಹೋದರು.
ಒಬ್ಬಳೇ ಹತ್ತೊಂಬತ್ತರ ಮಗ್ಗಿ ಹಿಡಿದೆ.
ತಪ್ಪಿ, ಮತ್ತೆ ಮೊದಲಿಂದ.
ಹತ್ತೊಂಬತ್ತು ಹತ್ತಲೆ ನೂರ ತೊಂಬತ್ತು:
ಮಗ್ಗಿ ಮುಗಿಯಿತು, ದಾರಿ ಇನ್ನೂ ಹತ್ತು ಕಿಲೋಮೀಟರು.
ಆ ಹತ್ತಕ್ಕೆ ಹೇಳಿಕೊಳ್ಳಲು ನನ್ನಲ್ಲಿ ಏನೂ ಇರಲಿಲ್ಲ.
ಸುಮ್ಮನೆ ತುಳಿದೆ.

ಏಳಕ್ಕೆ ಮುಗಿಯಬೇಕು. ಏಳು ಗಂಟೆ ಒಂಬತ್ತು ನಿಮಿಷ.
ಎಲ್ಲರೂ ಹೋಟೆಲಿಗೆ ಹೋಗಿದ್ದರು,
ಡಾಕ್ಟರು ಮಾತ್ರ ಕಟ್ಟೆಯ ಮೇಲೆ, ಪೆನ್ನು ತೆರೆದು:
‘ನನ್ನ ವಾಚು ಮುಂದೈತೆ ಅನ್ಸುತ್ತೆ.
ಏಳಕ್ಕೆ ಒಂದು ನಿಮಿಷ ಅಂತ ಬರೀಲಾ?’
‘ಬ್ಯಾಡ್ರಿ. ಇದ್ದದ್ದು ಬರೀರಿ.’
ಬರೆದರು.
ಡಾಕ್ಟರ ಅಕ್ಷರ; ಅದು ಒಂಬತ್ತೋ, ಒಂದೋ, ಗುಳಿಗೆಯ ಹೆಸರೋ,
ಇವತ್ತಿಗೂ ಯಾರೂ ಓದಲಾರರು.

ಸೋಮವಾರ ಐದು ಮೂವತ್ತೊಂಬತ್ತಕ್ಕೆ
ಯಾರೋ ಏದುಸಿರು ಬಿಡುತ್ತ ಓಡಿಬಂದರು,
ಕೈಯಲ್ಲಿ ಕ್ರಯಪತ್ರ, ಅಂಗಿಯೆಲ್ಲ ಬೆವರು.
‘ನಾಳೆ ಬರ್ರಿ’ ಅಂದೆ.
ಅನ್ನುವ ಮೊದಲು ನೀರು ಕೊಟ್ಟೆ,
ಸೈಕಲ್ಲಿನ ಬಾಟಲಿಯಿಂದ.