ಹಿಂದೆ ಬಿದ್ದ ಮೂರು

ಶಹಾಬಾದಿನ ಸಿಮೆಂಟ್ ಕಾರ್ಖಾನೆ ಕ್ಲಬ್ಬಿನ ಹಿಂದೆ
ದೊರೆಗಳ ಕಾಲದ ಒಂದು ಹುಲ್ಲುಹಾಸು.
ಸುತ್ತ ಪರಸಿಕಲ್ಲಿನ ಅಂಚು, ಅಂಚಿಗೆ ಗೇಣುದ್ದದ ಗಟಾರ.
ಮಾರ್ಚ್ ತಿಂಗಳ ಹುಲ್ಲು, ಮೇಲೆ ಚಿಮಣಿಯ ಬೂದಿ;
ಗುಂಡು ಬಿಟ್ಟರೆ ನಿಲ್ಲುವ ಮನಸ್ಸೇ ಮಾಡುವುದಿಲ್ಲ.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು:
ಬಿಳಿಯ ಮರಿಯೊಂದನ್ನು ಮೊದಲು ಉರುಳಿಸಿ
ಅದರ ಮಗ್ಗುಲಿಗೆ ಹೋಗಿ ಮಲಗಬೇಕು ಕರಿಯ ಗುಂಡು.
ಗುಂಡಿಗೆ ಒಂದು ಕಡೆ ಭಾರ.
ಮೆಲ್ಲಗೆ ಬಿಟ್ಟರೆ ಬಾಗುತ್ತದೆ, ಏನನ್ನೋ ನೆನೆಸಿಕೊಂಡು ಬಾಗುತ್ತದೆ.
ಜೋರಾಗಿ ಬಿಟ್ಟರೆ
ಬಾಗುವುದನ್ನೇ ಮರೆತು ನೆಟ್ಟಗೆ ಹೋಗುತ್ತದೆ,
ಸಿಗ್ನಲ್ ಸಿಕ್ಕ ಗೂಡ್ಸ್ ಗಾಡಿಯ ಹಾಗೆ.

ನಾನು ದವಾಖಾನೆಯ ನರ್ಸು.
ಇಪ್ಪತ್ತು ವರ್ಷ ಕೂಸುಗಳ ಕೈಯಲ್ಲಿ ನರ ಹುಡುಕಿದ್ದೇನೆ
ಅವಸರವಿಲ್ಲದೆ. ನಿನ್ನ ಬೆರಳ ತುದಿಗೆ ಕಣ್ಣದ ಅನ್ನುತ್ತಿದ್ದರು.
ಆ ಬೆರಳು ಆ ದಿನ ಎಲ್ಲಿತ್ತೋ.

ಕೊನೆಯ ಸರದಿ. ನಾವು ಹದಿನಾಲ್ಕು, ಸೇಡಂದವರು ಹನ್ನೆರಡು.
ಖುರ್ಷಿದಾ ಟೀಚರ್ ಬಿಟ್ಟ ಗುಂಡುಗಳು
ಒಂದಾದ ಮೇಲೊಂದು ಮರಿಯನ್ನು ದಾಟಿ
ಅಂಚಿನ ಹತ್ತಿರ ಹೋಗಿ ಕೂತವು. ಮೂರು.
"ಟೀಚರಮ್ಮಗ ಇವತ್ತ ಅಳತಿ ಸಿಗವಲ್ದು"
ಅಂದೆ. ನಕ್ಕೆ ಕೂಡ.
ಅಲ್ಲಿ ನಮ್ಮದೊಂದು ಕಾವಲಿಗೆ ಇಡಬೇಕಿತ್ತು.
ಇಡಲಿಲ್ಲ. ನಮ್ಮವೆಲ್ಲ ಮುಂದೆಯೇ,
ರೇಷನ್ ಅಂಗಡಿ ಬಾಗಿಲಲ್ಲಿ ನಿಂತಂತೆ, ಒಂದನ್ನೊಂದು ತಳ್ಳಿಕೊಂಡು.

ಕೈಯಲ್ಲಿ ಒಂದೇ ಉಳಿದಿತ್ತು.
ಅವರದೊಂದು ಮರಿಗೆ ಅಂಟಿತ್ತು. ಅಂದರೆ ಅವರಿಗೆ ಒಂದು.
ಹದಿನಾಲ್ಕು, ಹದಿಮೂರು. ಗೆದ್ದಾಗಿತ್ತು.
ಆ ತುದಿಯಿಂದ ಜಗದೇವಿ ಎರಡೂ ಕೈ ಕೆಳಗೆ ಒತ್ತಿ ತೋರಿಸಿದಳು,
ಹಾಲು ಉಕ್ಕುವಾಗ ಉರಿ ಇಳಿಸು ಅನ್ನುವ ಹಾಗೆ.
"ಬಿಟ್ಟಬಿಡವ್ವಾ, ಎಲ್ಲೆರ ಹೋಗ್ಲಿ, ಮರಿ ಮಾತ್ರ ಮುಟ್ಟಬ್ಯಾಡ!"

ಆದರೆ ಆ ಒಂದು, ಅಂಟಿಕೊಂಡ ಆ ಒಂದು
ಕಣ್ಣಿಗೆ ಬಿದ್ದ ಕಸದ ಹಾಗೆ.
ಪೂರಾ ಗೆಲ್ಲಬೇಕು ಅನ್ನಿಸಿತು.
ಒಂದು ಹೆಜ್ಜೆ ಹಾಕಿ ಬೀಸಿದೆ.

ಸದ್ದು ಚೆನ್ನಾಗಿತ್ತು, ಅದನ್ನು ಒಪ್ಪಬೇಕು.
ವರಾಂಡದಲ್ಲಿ ಇಸ್ಪೀಟು ಆಡುತ್ತಿದ್ದವರೂ ತಲೆ ಎತ್ತಿದರು.
ಅವರ ಗುಂಡು ಹಾರಿತು, ಮರಿ ಜಿಗಿಯಿತು,
ಉರುಳಿತು, ಬೂದಿ ಮೆತ್ತಿದ ಹುಲ್ಲಿನ ಮೇಲೆ
ತವರಿನ ದಾರಿ ಕಂಡಂತೆ ಉರುಳಿತು,
ಹಿಂದೆ ಬಿದ್ದ ಮೂರರ ನಡುವೆ ಹೋಗಿ ನಿಂತಿತು.

ಅಳೆಯುವ ಟೇಪನ್ನು ಯಾರೂ ಜೇಬಿನಿಂದ ತೆಗೆಯಲಿಲ್ಲ.

ಜಗದೇವಿ ಏನೂ ಅನ್ನಲಿಲ್ಲ. ಗುಂಡುಗಳನ್ನು ಒರೆಸಿ ಒರೆಸಿ
ಚೀಲಕ್ಕೆ ಹಾಕಿದಳು, ಅಷ್ಟೇನೂ ಕೊಳೆ ಇರದಿದ್ದರೂ.
ಖುರ್ಷಿದಾ ಟೀಚರ್ ಚಹಾದ ಕಪ್ಪು ಕೊಡುತ್ತ ಕೇಳಿದರು,
"ಆಗ ಯಾಕ ನಕ್ಕಿದ್ರಿ ಸಿಸ್ಟರ್?
ನಮಗೂ ಹೇಳ್ರಿ, ನಗ್ತೀವಿ."
ಸಕ್ಕರೆ ಜಾಸ್ತಿಯಾಗಿತ್ತು. ಕುಡಿದೆ.