ನೀರು ಇಳಿಯುವ ತನಕ

ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿ ಎದುರು ನನ್ನ ಜೆರಾಕ್ಸ್ ಅಂಗಡಿ.
ಪಹಣಿ, ಆಧಾರ್, ಮರಣಪತ್ರಗಳ ನಡುವೆ ಒಂದು ದಿನ
ನನಗಾಗಿಯೇ ಒಂದು ಚೀಟಿ ಲ್ಯಾಮಿನೇಟ್ ಮಾಡಿಕೊಂಡೆ:
"ಇದು ಬಾಂಬಲ್ಲ. ಆಟದ ಡಬ್ಬಿ.
ತೆರೆಯಿರಿ, ಹೆಸರು ಬರೆಯಿರಿ, ಇದ್ದಲ್ಲೇ ಇಡಿ."

ಹಾಗೆ ಒಟ್ಟು ನಾಲ್ಕು ಡಬ್ಬಿ.
ಅಕ್ಷಾಂಶ ರೇಖಾಂಶದ ಅಂಕಿ ಹಿಡಿದು
ಎಲ್ಲೆಲ್ಲಿಂದಲೋ ಬಂದು ಹುಡುಕುತ್ತಾರೆ.
ಸಿಕ್ಕಿದರೆ ಏನು ಸಿಗುತ್ತೆ, ಅನ್ನುತ್ತಾಳೆ ತಂಗಿ ಪುಟ್ಟತಾಯಿ.
ಸಿಕ್ಕಿದ್ದು ಸಿಗುತ್ತೆ, ಅನ್ನುತ್ತೇನೆ.

ಬೇಸಿಗೆಯಲ್ಲಿ ಬಚ್ಚಿಡುವುದು ಸಲೀಸು.
ನಾಲೆ ಒಣಗಿ ತನ್ನ ಕಲ್ಲುಗಳನ್ನೆಲ್ಲ ತೋರಿಸಿಕೊಂಡಿರುತ್ತದೆ,
ಕೈಹಾಕಿದಲ್ಲೆಲ್ಲ ಒಂದು ಸಂದು.
ಅಂಥದೊಂದು ಸಂದಿನಲ್ಲಿ, ತೂಬಿನ ಕೆಳಗೆ, ಮೊದಲನೆಯದು:
ಅಜ್ಜಿಯ ತಾಂಬೂಲದ ಸ್ಟೀಲ್ ಡಬ್ಬಿ,
ಬಾಯಿಗೆ ಸೈಕಲ್ ಟ್ಯೂಬಿನ ಪಟ್ಟಿ,
ತೇವ ಹೀರಲು ಬಟ್ಟೆಗಂಟಿನಲ್ಲಿ ಒಂದು ಹಿಡಿ ಅಕ್ಕಿ,
ಪೆನ್ನಲ್ಲ, ಪೆನ್ಸಿಲ್. ಶಾಯಿಗೆ ನೀರಿನ ಎದುರು ನಿಲ್ಲುವ ತಾಕತ್ತಿಲ್ಲ.

ಆಷಾಢ ಬಂದರೆ ಲೆಕ್ಕವೇ ಬೇರೆ.
ನಾಲೆಗೆ ನೀರು ಬಿಟ್ಟರು ಅಂದರೆ ಆ ಡಬ್ಬಿಗೆ ರಜೆ.
ಎರಡನೆಯದು ಕಬ್ಬಿನ ಗದ್ದೆಯ ಬದುವಿನಲ್ಲಿ;
ಕಬ್ಬು ಆಳೆತ್ತರ ದಾಟಿದ ಮೇಲೆ ಅಲ್ಲಿಗೆ
ನಾನೂ ಹೋಗುವುದಿಲ್ಲ, ಬೇರೆಯವರನ್ನೂ ಕಳಿಸುವುದಿಲ್ಲ.
ಹೋದ ವರ್ಷ ಚಿರತೆ ಮೂರು ಮರಿ ಹಾಕಿತ್ತು.
ಕಾರ್ಖಾನೆಯವರು ಕಟಾವಿಗೆ ಚೀಟಿ ಕೊಡಬೇಕು,
ಆಮೇಲೆ ನಾನು ಹುಡುಕಲು ಚೀಟಿ ಕೊಡಬೇಕು.
ಮೂರನೆಯದು ಕರೀಘಟ್ಟದ ಮೇಲೆ,
ವರ್ಷವಿಡೀ ತೆರೆದಿರುತ್ತದೆ, ಕೋತಿಗಳು ಒಪ್ಪಿದರೆ.
ನಾಲ್ಕನೆಯದು ಎಲ್ಲಿದೆ ಅಂತ ಹೇಳುವುದಿಲ್ಲ.
ಇನ್ನೂ ಯಾರಿಗೂ ಸಿಕ್ಕಿಲ್ಲ.

ನಾರ್ವೆಯವನೊಬ್ಬ ಬಂದಿದ್ದ, ಬಿಸಿಲಿಗೆ ಟೊಮೆಟೊ ಆಗಿದ್ದ.
ಅವರೂರಲ್ಲಿ ಅರ್ಧ ವರ್ಷ ಎಲ್ಲ ಡಬ್ಬಿಗಳೂ ಹಿಮದಡಿಗಂತೆ.
ಹಿಮ ಎಷ್ಟೆತ್ತರ ಬರುತ್ತದೋ ಅದಕ್ಕಿಂತ ಒಂದು ಗೇಣು ಮೇಲೆ
ಮರಕ್ಕೆ ಕಟ್ಟಬೇಕು, ಅಂದ.
ತಲೆಯಾಡಿಸಿದೆ. ನಮ್ಮಲ್ಲಿ ಹಿಮವೆಲ್ಲಿ ಬಂತು,
ಧನುರ್ಮಾಸದ ಮಂಜು ಎಂಟು ಗಂಟೆಗೆ ಎದ್ದು ಹೋಗುತ್ತೆ.

ತೂಬಿನ ಡಬ್ಬಿಯ ಪುಸ್ತಕದಲ್ಲಿ ಹೆಸರುಗಳ ನಡುವೆ
ಯಾರೋ ಬರೀ ಅಂಕಿ ಬರೆಯುತ್ತಿದ್ದರು.
೮೯. ೮೬. ಆಮೇಲೆ ೯೪.
ರಕ್ತದೊತ್ತಡವೋ, ಲಾಟರಿಯೋ, ಯಾರದೋ ರನ್ನೋ?
ಒಂದು ಬೆಳಿಗ್ಗೆ ಅಂಗಡಿಯಲ್ಲಿ ಬಜ್ಜಿ ಕಟ್ಟಿಕೊಟ್ಟ ಪೇಪರಿನ ಮೂಲೆಯಲ್ಲಿ
ಎಣ್ಣೆ ಮೆತ್ತಿದ ಅದೇ ಅಂಕಿ ಕಂಡಿತು:
ಕಟ್ಟೆಯ ಇಂದಿನ ಮಟ್ಟ, ಅಡಿಗಳಲ್ಲಿ.

ಈ ಸಲ ನಾನು ತಡಮಾಡಿದೆ.
ಪಿಂಚಣಿ ಅರ್ಜಿಗಳ ಕೊನೇ ವಾರ, ಮಷಿನ್ ಬಿಸಿಯಾಗಿ ನಿಂತಿತ್ತು.
ಆಟೋದ ಮೈಕು ಬೀದಿಯುದ್ದ ಕೂಗಿಕೊಂಡು ಹೋಯಿತು,
ದನಕರು ಹುಷಾರು, ನೀರಿಗಿಳಿಯಬೇಡಿ.
ಸ್ಕೂಟರಿನಲ್ಲಿ ಓಡಿದೆ. ತೂಬು ಆಗಲೇ ಕಂದು ನೀರಿನೊಳಗೆ
ಗೊರಗೊರ ಬಾಯಿ ಮುಕ್ಕಳಿಸುತ್ತಿತ್ತು.
ಅಜ್ಜಿಯ ಡಬ್ಬಿ ಹೋಯಿತು ಅಂದುಕೊಂಡೆ.
ಯಾರಿಗೂ ಹೇಳಲಿಲ್ಲ. "ತಾತ್ಕಾಲಿಕವಾಗಿ ಮುಚ್ಚಿದೆ" ಎಂದು ಬರೆದೆ,
ತಾತ್ಕಾಲಿಕ ಅನ್ನುವುದು ಎಷ್ಟು ಅನುಕೂಲದ ಮಾತು.

ನೀರು ನಿಲ್ಲಿಸಿದ್ದು ಭತ್ತ ಹಣ್ಣಾದ ಮೇಲೆ.
ಮಂಜಿನಲ್ಲಿ ಇಳಿದೆ, ಮೊಣಕಾಲಿಗೆ ಕೆಸರು,
ಸಂದಿನೊಳಗೆ ಏಡಿ.
ಹತ್ತಿ ಬರುವಾಗ ತಲೆಗೆ ಏನೋ ತಗುಲಿತು:
ಏರಿಯ ಹೊಂಗೆಕೊಂಬೆಗೆ ಯೂರಿಯಾ ಚೀಲದ ಗಂಟು,
ನೇಗಿಲಿಗೆ ಹಾಕುವ ಗಂಟು, ಉಗುರಿಗೆ ಜಗ್ಗುವುದಲ್ಲ.
ಹಲ್ಲಿನಿಂದ ಬಿಚ್ಚಿದೆ. ಅಕ್ಕಿ ಒಣಗಿಯೇ ಇತ್ತು.

ಕೊನೆಯ ಹಾಳೆಯಲ್ಲಿ ಪೆನ್ಸಿಲ್ಲು ಒತ್ತಿ ಬರೆದಿತ್ತು:
"೧೨೨. ಇನ್ನೂ ಏರ್ತಾ ಐತೆ. ಡಬ್ಬ ಮೇಲಕ್ಕೆ ಮಡಗಿವ್ನಿ.
ದ್ಯಾವಣ್ಣ, ನೀರುಗಂಟಿ."

ಸಂಜೆ ತೂಬಿನ ಮನೆಯ ಹತ್ತಿರ ಸಿಕ್ಕರು, ಬೀಡಿ ಕಿವಿಯ ಮೇಲೆ.
"ಇದ್ರಲ್ಲಿ ದುಡ್ಡೇನೂ ಇಲ್ವಲ್ಲವ್ವ?"
ಇಲ್ಲ ಅಂದೆ.
"ಮತ್ಯಾಕೆ ಮಡಗೀಯ?"
ನೀವ್ಯಾಕೆ ಬರೀತೀರಿ ಅಂದೆ.
ಅವರು ನಾಲೆಯ ಕಡೆ ನೋಡಿದರು, ನಾನೂ ನೋಡಿದೆ.
ಅಡಿಯಲ್ಲಿ ಒಂದು ಚಪ್ಪಲಿ, ಒಂದು ತೆಂಗಿನ ಚಿಪ್ಪು.

ಡಬ್ಬಿ ಕೊಂಬೆಯಲ್ಲೇ ಇದೆ.
ಅಂಕಿ ತಿದ್ದಿಲ್ಲ. ಎರಡು ಆಳು ಎತ್ತರ ಬದಲಾಯಿತು ಅಷ್ಟೆ,
ಅಕ್ಷಾಂಶಕ್ಕೆ ಅದು ಗೊತ್ತಾಗುವುದಿಲ್ಲ.