ಕಳಿಯೋ ಲೆಕ್ಕ

ನೌಬಾದದಾಗ ನನ್ನ ದುಕಾನಿಗಿ ಬಂದೋರು
ಕೇಳೋದು ಒಂದೇ ಮಾತು: ಮದಾರಸಾಬ,
ಇನ್ನೊಂದು ಪಟ್ಟಾ ಹಾಕು.
ಕಬ್ಬಿನ ಟ್ರಾಲಿಗಿ ಹಾಕೀನಿ, ಕೆಂಪುಕಲ್ಲಿನ ಲಾರಿಗಿ ಹಾಕೀನಿ,
ಹನ್ನೊಂದು ಮಂದಿ ಕೂಡೋ ಟಂಟಂಗಿ ಹಾಕೀನಿ.
ಮೂವತ್ತೊಂದು ವರ್ಷ
ಬಗ್ಗಲಾರದಂಗ ಮಾಡೋದೇ ನನ್ನ ರೊಟ್ಟಿ.

ಆವತ್ತು ಸುಗುಣಾ ಸಿಸ್ಟರ್ ಬಂದಳು,
ನೈಟ್ ಡ್ಯೂಟಿ ಕಣ್ಣು, ಬಿಳಿ ಚಪ್ಪಲಿಗಿ ಮಣ್ಣು,
ಹಿಂದ ಗೂಡ್ಸ್ ಆಟೋದಾಗ ಹಗ್ಗ ಬಿಗಿದ ಗಾಡಿ:
ಎಂಬತ್ತೈದು ಸಿಸಿ, ಹೈದರಾಬಾದಿನ ಯಾವನೋ
ದಪ್ಪ ಹುಡುಗ ಹೊಡದು ಬಿಟ್ಟಿದ್ದು.
ಅದರ ಬಾಜೂಕ ಮಗಳು ಜೆಮಿಮಾ. ಹನ್ನೆರಡು ವರ್ಷ.
ಮ್ಯಾಲ ಹೆಲ್ಮೆಟ್ಟು, ಕೆಳಗ
ಅಗಸಿ ಕಡ್ಡಿ.

“ಹಾರಿ ಇಳಿದಾಗ ಒದೀಲತ್ತದ ಮಾಮಾ.
ಹಿಂದಿನ ಗಾಲಿ ನೆಲದ ಮ್ಯಾಲ ನಿಲ್ಲಂಗಿಲ್ಲ.”
ತೂಕ ಸಾಲಲ್ಲ, ತಿನ್ನು ಅಂತಾನಂತ ಕೋಚು.
ಬಾಳೆಹಣ್ಣು, ಶೇಂಗಾ, ದಿನಾ ನಾಕು ತತ್ತಿ.
ಮೂರು ತಿಂಗಳು ತಿಂದು ಏರಿದ್ದು ಒಂದು ಕಿಲೋ.

ಎದುರಿನ ಬ್ಯಾಳಿ ಅಂಗಡಿ ಕಾಂಟಾದ ಮ್ಯಾಲ ನಿಲ್ಲಿಸಿದೆ,
ಬೂಟು ಹೆಲ್ಮೆಟ್ಟು ಎಲ್ಲಾ ಹಾಕ್ಕೊಂಡೇ.
ಮೂವತ್ತೇಳು.
ಒಂದು ಚೀಲ ತೊಗರಿಗಿ ಇನ್ನಾ ಹದಿಮೂರು ಕಮ್ಮಿ.
ಸೇಟು ನಕ್ಕ. ಹುಡುಗಿ ನಗಲಿಲ್ಲ.
ನಾ ಚೀಟಿ ಮ್ಯಾಲ ಬರಕೊಂಡೆ.

ಹೆಂಡತಿ ಹೊಲಿಗಿ ಟೇಪ್ ತಂದು
ಗಾಲಿ ಅಚ್ಚಿನಿಂದ ಮಡ್‌ಗಾರ್ಡಿನ ತನಕ ಹಿಡದೆ:
ಗಾಡಿ ಎತ್ತಿ ಒಮ್ಮೆ, ನೆಲಕ್ಕ ಬಿಟ್ಟು ಒಮ್ಮೆ,
ಅಕಿ ಏರಿ ನಿಂತಾಗ ಒಮ್ಮೆ.
ಕುಸೀಬೇಕಾದದ್ದು ಒಂಬತ್ತೂವರಿ ಸೆಂಟಿಮೀಟರ್.
ಕುಸಿದದ್ದು ಐದು.
ಹುಡುಗಿ ಏರಿದ್ದು ಗಾಡಿಗಿ ಗೊತ್ತೇ ಆಗಿಲ್ಲ.

ರಿಂಗ್ ಸಡಲ ಮಾಡಿದೆ, ಇನ್ನಾ ಮಾಡಿದೆ, ಇನ್ನಾ.
ಒಂಬತ್ತೂವರಿ ಬಂತು. ಆದರ ಅಕಿ ಇಳಿದ ಮ್ಯಾಲೂ
ಗಾಡಿ ತಾನೇ ಕುಸಿದು ಕುಂತಿತ್ತು
ಮುನಿಸಿಕೊಂಡ ಎಮ್ಮಿ ಹಂಗ.
ಅಂದರ ಸ್ಪ್ರಿಂಗೇ ಅಕಿದಲ್ಲ.
ಎಷ್ಟು ತಿರುವಿದರೂ ಆ ದಪ್ಪ ಹುಡುಗಂದೇ.

ಪುಣೆಯಿಂದ ರಾತ್ರಿ ಬಸ್ಸಿನ ಡಿಕ್ಕಿದಾಗ
ಪೇಪರ್ ಸುತಗೊಂಡು ಬಂತು ಮೆತ್ತಂದು.
ಕೈಯಾಗ ಹಿಡದೆ. ಇಷ್ಟು ಸಣ್ಣ ತಂತಿ?
ಸುಳ್ಳು ಹೇಳಲ್ಲ, ನನ್ನ ಕೈ ಒಪ್ಪಲಿಲ್ಲ,
ಮೂವತ್ತೊಂದು ವರ್ಷದ ಕೈ.
ಆದರೂ ಹಾಕಿದೆ. ಮುಂದಿನ ಕಾಲಿನ ಸ್ಪ್ರಿಂಗೂ ಬದಲಿ, ಎಣ್ಣಿ ತೆಳುವಂದು.
ಹಿಂದಿನ ತಿರುಗಣಿ ಬಿಚ್ಚುತ್ತಾ ಎಣಿಸಿದೆ,
ಟಿಕ್, ಟಿಕ್, ಟಿಕ್, ತಡದು ಮತ್ತೊಂದು ಟಿಕ್.
ಸಿಸ್ಟರ್ ಅಂದಳು: ಭಾಯಿ, ನಾ ಸಲೈನ್ ಹನಿ ಎಣಸ್ತೀನಲ್ಲ,
ಥೇಟ್ ಹಂಗೇ.

ಚಿದ್ರಿ ಆಚಿಗಿ ಕಲ್ಲು ಕಡದು ಬಿಟ್ಟ ಖಣಿ.
ಅಕಿ ಜಡಿ ರಿಬ್ಬನ್ನಿನಿಂದ ಒಂದೆಳಿ ದಾರ ಕಿತ್ತು
ಫೋರ್ಕಿನ ಕಾಲಿಗಿ ಕಟ್ಟಿದೆ, ಎಷ್ಟು ಸರೀತದ ನೋಡಬೇಕಲ್ಲ.
ಮೊದಲ ದಿಬ್ಬ ಸಣ್ಣದು.
ಎರಡನೇದಕ್ಕ ಅಕಿ ಮ್ಯಾಲ ಇದ್ದಾಗ
ತಾಯಿ ಬ್ಯಾರೆ ಕಡಿ ನೋಡಿದಳು,
ನಾ ಕಣ್ಣು ಮುಚ್ಚಿ ಕಿವಿ ಇಟ್ಟೆ.
ಹಿಂದಿನ ವಾರ ಇಲ್ಲೇ ಧಡ್ ಅಂದಿತ್ತಂತ.
ಈಗ
ಕಲಸಿದ ಹಿಟ್ಟಿನ ಮ್ಯಾಲ ಅಂಗೈ ಇಟ್ಟಂಗ.
ಆಮ್ಯಾಲ ಇಂಜಿನ್ನಿನ ಸದ್ದು, ತುಂಡಾಗದೆ.

ದಾರ ಎರಡು ಬೆರಳು ಉಳಿಸಿ ನಿಂತಿತ್ತು.
ಎಲ್ಲಾ ಖರ್ಚ ಮಾಡಬಾರದು, ಅಷ್ಟು ಇರಲಿ ಅಂದೆ.
“ಇನ್ನಾ ತತ್ತಿ ತಿನ್ಬೇಕಾ ಮಾಮಾ?”
ಹಸಿವಾದರ ತಿನ್ನು. ಗಾಡಿ ಸಲುವಾಗಿ ಬ್ಯಾಡ.

ದುಕಾನಿನ ಗ್ವಾಡಿ ಮ್ಯಾಲ ಸುಣ್ಣದ ಕಡ್ಡಿಲೆ ಬರದೀನಿ:
ಜೆಮಿಮಾ, ಮೂವತ್ತೇಳು, ಟಿಕ್ಕಿನ ಲೆಕ್ಕ.
ಬೆಳದಂಗ ಬಾ, ಅಳಿಸಿ ಬರೀತೀನಿ.

ಮುಂಜಾನಿ ಹಳ್ಳಿಖೇಡದ ಟ್ರಾಲಿಯವ ಬಂದ.
ಇನ್ನೊಂದು ಪಟ್ಟಾ ಹಾಕು.
ಹಾಕಿದೆ. ಆದರ ಹಾಕೋ ಮುಂದ ಕೇಳಿದೆ,
ಖಾಲಿ ಇದ್ದಾಗ ಹ್ಯಾಂಗ ಹೋಗ್ತದಪಾ ಇದು?
ಅವ ನನ್ನ ಮಾರಿ ನೋಡಿದ.